ಎಡಗೆನ್ನೆಯ ಸಾಕ್ಷಿ

ಮಡಕೆ ಸುಡುವ ಆವಿಗೆಯ ಬಾಗಿಲ ಮೇಲಿನ ಕೆಂಪು ಅಂಕಿ ಐವತ್ತೆಂಟು ಡಿಗ್ರಿಗೆ ಬಂದಾಗ ನಾನು ಚಹಾ ಕುಡಿಯುತ್ತಿದ್ದೆ. ಅಲ್ಲಿಯವರೆಗೆ ಅದು ಬರಿಯ ಅಂಕಿಯಾಗಿತ್ತು.

ವಡೋದರೆಯ ಅಲಕಾಪುರಿಯಲ್ಲಿ ಹಂಸಾಬೆನ್ ತಮ್ಮ ಮನೆಯ ಕೆಳ ಅಂತಸ್ತನ್ನು ಕುಂಬಾರಿಕೆಗೆ ಬಿಟ್ಟುಕೊಟ್ಟಿದ್ದಾರೆ. ನಾಲ್ಕು ತಿಗರಿ, ಒಂದು ವಿದ್ಯುತ್ ಆವಿಗೆ, ಹದಿನೇಳು ಮಂದಿ. ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ನಾನೂ ಮಂಜಲ್‌ಪುರದಿಂದ ಸ್ಕೂಟರಿನಲ್ಲಿ ಬಂದು ಆ ಹದಿನೇಳರಲ್ಲಿ ಒಬ್ಬನಾದೆ. ಅಲ್ಲಿನ ನಡಾವಳಿ ಕಟ್ಟುನಿಟ್ಟು. ತಿಗರಿಯನ್ನು ತೊಳೆದೇ ಏಳಬೇಕು. ಇನ್ನೊಬ್ಬರ ಹಸಿ ಪಾತ್ರೆಗೆ ಬೆರಳು ತಾಕಿಸಬಾರದು, ಹೊಗಳುವುದಕ್ಕಾಗಿಯೂ. ಆವಿಗೆಗೆ ಕೊಡುವ ಪಾತ್ರೆಯನ್ನು ಮಾಡಿದವರೇ ಕೆನ್ನೆಗೆ ಒತ್ತಿ ನೋಡಬೇಕು. ತಣ್ಣಗಿದ್ದರೆ ಒಳಗಿನ್ನೂ ನೀರಿದೆ. ತಣ್ಣಗಿಲ್ಲವಾದರೆ ಗೋಡೆಯ ಹಾಳೆಯಲ್ಲಿ ‘ಒಣಗಿದೆ’ ಎಂದು ಬರೆದು ಸಹಿ ಹಾಕಬೇಕು. ಆ ಸಹಿಯನ್ನು ಯಾರೂ ಮತ್ತೆ ಪರೀಕ್ಷಿಸುವುದಿಲ್ಲ. ಪರೀಕ್ಷಿಸಿದರೆ ಅದು ಅವಮಾನ. ನೀರುಳಿದ ದಪ್ಪ ಪಾತ್ರೆ ನೂರು ಡಿಗ್ರಿ ದಾಟಿದರೆ ಉಗಿ ತುಂಬಿ ಸಿಡಿಯುತ್ತದೆ, ಅಕ್ಕಪಕ್ಕದವನ್ನೂ ಒಡೆಯುತ್ತದೆ.

ಆ ಭಾನುವಾರ ಒಳಗಿದ್ದದ್ದು ನಿಕಿತಾಳ ಹನ್ನೊಂದು ಬೋಗುಣಿಗಳು, ಅವುಗಳ ನಡುವೆ ನನ್ನದೊಂದು ಭರಣಿ. ನಿಕಿತಾ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಬ್ಯಾಂಕಿನವರ ಮಗಳು, ಇಲ್ಲಿಯೇ ಬೆಳೆದವಳು, ಕಲಾ ವಿದ್ಯಾರ್ಥಿನಿ. ವೀಳ್ಯದೆಲೆಯಷ್ಟು ತೆಳುವಾದ ಆ ಬೋಗುಣಿಗಳು ಅವಳ ಎರಡು ತಿಂಗಳ ಕೆಲಸ. ಮುಂದಿನ ವಾರ ಪರೀಕ್ಷೆ.

“ಕಾಕಾ, ಅಷ್ಟು ದಪ್ಪ ಭರಣಿಯಲ್ಲಿ ಉಪ್ಪಿನಕಾಯಿ ಹಾಕುತ್ತೀರೋ, ಚಿನ್ನ ಬಚ್ಚಿಡುತ್ತೀರೋ?” ಎಂದು ಬಾಗಿಲು ಮುಚ್ಚುವಾಗ ಹಂಸಾಬೆನ್ ನಕ್ಕಿದ್ದರು.

“ಎರಡೂ ಇಲ್ಲರೀ. ನಮ್ಮ ಮನಿಯಾಕಿ ಸುಲೋಚನಾಗ ಕೊಡೋದು. ಏನು ಹಾಕಬೇಕಂತ ಆಕೀನ ಹೇಳ್ತಾಳ,” ಎಂದು ನಾನೂ ನಕ್ಕಿದ್ದೆ.

ಈಗ ನಿಕಿತಾ ನನ್ನ ಮುಖವನ್ನೇ ನೋಡುತ್ತಿದ್ದಳು. “ಅಂಕಲ್, ಚಾಯ್…”

“ಛಲೋ ಅದ ಬಿಡು.”

“ಹಾಗಲ್ಲ. ಚಾಯ್ ಬೀಳ್ತಾ ಇದೆ.” ಅವಳು ತನ್ನ ಎಡಗೆನ್ನೆಯನ್ನು ಮುಟ್ಟಿ ತೋರಿಸಿದಳು.

ಕೈಯಿಟ್ಟು ನೋಡಿಕೊಂಡೆ. ತುಟಿಯ ಅಂಚಿನಿಂದ ಗದ್ದದವರೆಗೆ ಬಿಸಿ ಚಹಾ ಹರಿದಿತ್ತು. ಬೆರಳಿಗೆ ಬಿಸಿ ಹತ್ತಿತು, ಕೆನ್ನೆಗೆ ಹತ್ತಲಿಲ್ಲ.

ಎರಡು ವರ್ಷದ ಹಿಂದೆ ಲಕ್ವ ಬಡಿದು ಆ ಕಡೆಯ ಮುಖ ಸೋತು, ಮಾತ್ರೆ ನುಂಗಿ, ಮರಳಿ ನೆಟ್ಟಗಾಗಿತ್ತು. ನೆಟ್ಟಗಾದದ್ದನ್ನು ಕನ್ನಡಿ ಹೇಳಿತ್ತು. ಚರ್ಮವನ್ನು ನಾನು ಕೇಳಿರಲಿಲ್ಲ. ನಿನ್ನೆ ಸಂಜೆ ಹಾಳೆಯ ಮುಂದೆ ನಿಂತ ಗಳಿಗೆ ನೆನಪಾಯಿತು. ಬಲಗೈಯಲ್ಲಿ ಪೆನ್ನು. ಭರಣಿ ಎಡಗೈಯಲ್ಲಿ. ಒತ್ತಿದ್ದು ಎಡಗೆನ್ನೆಗೆ.

ಅರವತ್ತೇಳು.

ಶ್ರಾವಣದ ಗಾಳಿಯಲ್ಲಿ ಒದ್ದೆ ಬಟ್ಟೆಯೇ ಮೂರು ದಿನ ಒಣಗಿರಲಿಲ್ಲ. ಹಾಗಾದರೆ ಬೆರಳುದಪ್ಪದ ಆ ಭರಣಿ? ಆದರೂ ಒಣಗಿರಬಹುದು. ಒಣಗದೆ ಸಿಡಿದರೂ ಮಣ್ಣಿನಲ್ಲಿ ಗಾಳಿಗುಳ್ಳೆ ಇತ್ತೆಂದು ಎಲ್ಲರೂ ಅಂದುಕೊಳ್ಳಬಹುದು. ಬಾಯಿಬಿಟ್ಟರೆ ಭರಣಿಯ ಸಂಗತಿಯೊಂದೇ ಹೊರಬರುವುದಿಲ್ಲ, ಕೆನ್ನೆಯದೂ ಬರುತ್ತದೆ. ಇದು ಹಳೆಯ ಮರಗಟ್ಟುವಿಕೆಯೋ, ಇಂದು ಬೆಳಗ್ಗೆ ಹೊಸದಾಗಿ ಬಂದದ್ದೋ? ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿದೆ. ಮಡಚಿದವು. ಮತ್ತೆ ಎಣಿಸಿದೆ.

ಎಪ್ಪತ್ತೊಂಬತ್ತು.

ನಿಕಿತಾ ಆವಿಗೆಯ ಎದುರು ಮೊಣಕಾಲು ತಬ್ಬಿ ಕೂತಿದ್ದಳು. “ಅಂಕಲ್, ನಂಗೆ ರಾತ್ರಿ ನಿದ್ದೇನೇ ಬಂದಿಲ್ಲ. ಒಂದೂ ಸೀಳದೆ ಬಂದ್ರೆ ನಿಮ್ಗೆ ಫಾಫ್ಡಾ, ಜಲೇಬಿ.”

ಮನೆಗೆ ಹೋಗಿಬಿಡಬಹುದೆಂದು ಎದ್ದೆ. ಬಾಗಿಲವರೆಗೂ ಹೋದೆ. ಜೇಬಿನಿಂದ ಸ್ಕೂಟರಿನ ಕೀಲಿ ತೆಗೆದೆ. ಹೊರಳಿದಾಗ ಅಂಕಿ ಎಂಬತ್ತೆಂಟಾಗಿತ್ತು.

“ಹಂಸಾಬೆನ್, ಭಟ್ಟಿ ಆರಿಸ್ರಿ.”

“ಯಾಕೆ ಕಾಕಾ?”

“ನನ್ನ ಸಹಿ ಸುಳ್ಳದ. ಈ ಗಲ್ಲಕ್ಕ ಏನೂ ತಿಳಿಯೂದಿಲ್ಲ.”

ಅವರು ಆರಿಸುವ ಗುಂಡಿ ಒತ್ತಿದರು. ಆದರೂ ಅಂಕಿ ತೊಂಬತ್ತಮೂರಕ್ಕೆ ಏರಿ ನಿಂತಿತು. ಅರ್ಧ ಗಂಟೆ ಮೂವರೂ ಅಲ್ಲಿಯೇ ಕಾದೆವು. ಆವಿಗೆಯೊಳಗೆ ಏನೋ ಟಕ್ಕೆಂದಾಗಲೆಲ್ಲ ನಿಕಿತಾ ಕಣ್ಣು ಮುಚ್ಚುತ್ತಿದ್ದಳು. ಲೋಹ ಆರುವ ಸದ್ದೆಂದು ಹಂಸಾಬೆನ್ ಪ್ರತಿ ಸಲವೂ ಹೇಳಿದರು.

ಬಾಗಿಲು ತೆರೆದಾಗ ಹನ್ನೊಂದು ಬೋಗುಣಿಗಳೂ ಇಡಿಯಾಗಿದ್ದವು. ಭರಣಿಯನ್ನು ದಪ್ಪ ಕೈಗವಸಿನಿಂದ ಹೊರಗಿಟ್ಟರು. ಬಿಸಿಯಾಗಿದ್ದುದರಿಂದ ಯಾರ ಕೆನ್ನೆಗೂ ಈಗ ಅದು ನಿಜ ಹೇಳಲಾರದು. ಮರದ ಸುತ್ತಿಗೆಯನ್ನು ನಾನೇ ತೆಗೆದುಕೊಂಡೆ. ಒಣ ಮಣ್ಣು ಒಡೆದರೆ ಟಣಕ್ಕೆನ್ನಬೇಕು. ಅದು ರೊಟ್ಟಿ ಮುರಿದ ಹಾಗೆ ಮೆತ್ತಗೆ ಬಿಟ್ಟುಕೊಂಡಿತು. ಹೊರಗೆ ಬಿಳುಪು, ತಳದ ಒಡಲಲ್ಲಿ ಕಪ್ಪು ತೇವ.

ನಿಕಿತಾ ಬಗ್ಗಿ ಆ ತೇವವನ್ನು ನೋಡಿದಳು. “ಥ್ಯಾಂಕ್ಸ್ ಹೇಳ್ಬೇಕೋ, ಬೈಬೇಕೋ ಗೊತ್ತಾಗ್ತಿಲ್ಲ ಅಂಕಲ್.”

“ಮೊದಲ ಬೈದುಬಿಡವಾ.”

ಹಂಸಾಬೆನ್ ಹಾಳೆಯಲ್ಲಿ ನನ್ನ ಸಹಿಯನ್ನು ಹೊಡೆದುಹಾಕಿ, “ಇವತ್ತು ಸ್ಕೂಟರ್ ಇಲ್ಲೇ ಇರಲಿ. ಕಾಕಿಗೆ ಫೋನು ಮಾಡಿ, ಇಬ್ಬರೂ ಇಲ್ಲಿಂದಲೇ ಡಾಕ್ಟರ ಹತ್ತಿರ ಹೋಗಿ,” ಎಂದರು. ಸುಲೋಚನಾಗೆ ಹೇಳಿದೆ. ಬರುತ್ತೇನೆಂದಳು, ಅವಳ ದನಿ ಒಮ್ಮೆಲೇ ಸಣ್ಣದಾಯಿತು.

ಕಪಾಟಿನಲ್ಲಿ ಭರಣಿಗೆಂದು ಮಾಡಿದ ಮುಚ್ಚಳ ಉಳಿದಿತ್ತು. ಬಲಗೆನ್ನೆಗೆ ಒತ್ತಿದೆ. ತಣ್ಣಗಿರಲಿಲ್ಲ. ನಂಬಿಕೆ ಬರಲಿಲ್ಲ. ಅದನ್ನು ನಿಕಿತಾಳ ಮುಂದೆ ಹಿಡಿದೆ.

“ನಾನು ಮುಟ್ಟಬಹುದಾ?” ಎಂದಳು.

“ಕೇಳ್ಕೊಳ್ಳಾಕತ್ತೀನಿ.”

ಅವಳು ಕೂದಲು ಸರಿಸಿ ಕೆನ್ನೆಗೆ ಒತ್ತಿಕೊಂಡು ಕಾದಳು. “ಸೂಖಾ ಇದೆ, ಪೂರ್ತಿ ಒಣಗಿದೆ,” ಎಂದು ತಾನೇ ಆವಿಗೆಯೊಳಗಿಟ್ಟಳು, ಅತ್ತ ಮೂಲೆಯಲ್ಲಿ, ತನ್ನ ಬೋಗುಣಿಗಳಿಂದ ಆದಷ್ಟು ದೂರ.

ಆವಿಗೆ ಮತ್ತೆ ಹೊತ್ತಿತು. ಸುಲೋಚನಾ ಬರುವ ರಿಕ್ಷಾದ ಸದ್ದಿಗೆ ಒಂದು ಕಿವಿ ಕೊಟ್ಟು ನಾನು ಕೂತೆ. ತೊಂಬತ್ತಾರು. ತೊಂಬತ್ತೆಂಟು. ನೂರರ ಹತ್ತಿರ ನನಗೆ ಅರಿವಿಲ್ಲದೆಯೇ ಎಡಗೈ ಮುಖಕ್ಕೆ ಹೋಗಿತ್ತು. ಅಂಗೈಗೆ ಕೆನ್ನೆ ತಿಳಿಯುತ್ತಿತ್ತು. ಕೆನ್ನೆಗೆ ಅಂಗೈ ತಿಳಿಯುತ್ತಿರಲಿಲ್ಲ.