ನಯನಾ ಕಲಿಸಿದ ಕಂಪ್ಯೂಟರು

ದಾವಣಗೆರೆಯ ನಿಟ್ಟುವಳ್ಳಿಯ ಮನೆಯಲ್ಲಿ ನಿರ್ಮಲಮ್ಮನವರಿಗೆ ಬಿಸಿ ಸಾರು ತಾಗಿದರೆ ಸಾಕು, ಕೆನ್ನೆಯ ಒಳಗೆ ಉರಿಯುತ್ತಿತ್ತು. ಮಗಳು ನಯನಾ ಹಲ್ಲಿನ ಡಾಕ್ಟರು. ಅಲ್ಲ, ಹೆತ್ತ ತಾಯಿಯ ಬಾಯೊಳಗೆ ಒಮ್ಮೆ ಇಣುಕಲು ಎಷ್ಟು ಹೊತ್ತು ಬೇಕು? ಆದರೆ ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಅವಳಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿತ್ತು.

ಅದೇ ಊರಿನ ದಂತ ಕಾಲೇಜೊಂದರಲ್ಲಿ ಅವಳ ಎಂ.ಡಿ.ಎಸ್. ಪ್ರಬಂಧವೇ ಅದು. ನೂರಾರು ಬಾಯಿಗಳನ್ನು ನೋಡಿ, ಅವರವರ ಚಟಗಳನ್ನು ಕೇಳಿ, ಎಲ್ಲವನ್ನೂ ಯಂತ್ರಕ್ಕೆ ಉಣಿಸಿದ್ದಳು. ಇನ್ನು ಹೊಸಬರ ಉತ್ತರಗಳನ್ನಷ್ಟೇ ಕೊಟ್ಟರೆ ಬಾಯಿ ಕ್ಯಾನ್ಸರಿನ ಅಪಾಯ ಯಾರಿಗಿದೆ ಎಂದು ಅದೇ ಹೇಳುತ್ತಿತ್ತು. ಅವ್ವ ಅಕ್ಕಿ ಆರಿಸುತ್ತಿದ್ದಾಗ ನಯನಾ ಕೇಳಿದಳು: ಎಲೆ ಅಡಿಕೆ? ಹೊಗೆಸೊಪ್ಪು? ಗುಟ್ಕಾ? ಬೇರೆ ಚಟ? ನಮ್ಮಂಥವರ ಮನೆಗೆ ಚಟ ಎಲ್ಲಿಂದ ಬರಬೇಕು ಎಂದು ನಿರ್ಮಲಮ್ಮ ನಕ್ಕರು. ಮರುದಿನ ಯಂತ್ರವೂ ಅಪಾಯವಿಲ್ಲ ಎಂದಿತು. ನಯನಾ ಹಿಗ್ಗಿ ಹೀರೇಕಾಯಿಯಾದಳು, ಅದನ್ನು ಅವ್ವನಿಗೂ ಹೇಳಿ, ಉರಿಗೆಂದು ಬಿ-ಕಾಂಪ್ಲೆಕ್ಸ್ ಮಾತ್ರೆ ತಂದುಕೊಟ್ಟು ಸುಮ್ಮನಾದಳು.

ಮಳೆಗಾಲ ಮುಗಿದ ಮೇಲೆ ಹರಿಹರದ ಹತ್ತಿರದ ಭಾನುವಳ್ಳಿಯಲ್ಲಿ ಕಾಲೇಜಿನ ಹಲ್ಲು ತಪಾಸಣೆ ಶಿಬಿರ ನಡೆಯಿತು. ಹೊನ್ನಕ್ಕ ಎಂಬ ಹೆಂಗಸು ತನಗೆ ಯಾವ ಚಟವೂ ಇಲ್ಲವೆಂದಳು. ಬಾಯಿ ತೆಗೆಸಿ ಟಾರ್ಚ್ ಬಿಟ್ಟರೆ ಕೆನ್ನೆಯೊಳಗೆ ಬಿಳಿ ಮಚ್ಚೆ, ನಡುವೆ ಗಟ್ಟಿ ಹುಣ್ಣು. ಸುಳ್ಳು ಯಾಕೆ ಹೇಳುತ್ತೀಯ ಎಂದು ನಯನಾ ಗದರಿದಳು.

“ಸುಳ್ಳು ಯಾಕ ಹೇಳ್ಲಿ, ಡಾಕ್ಟ್ರಮ್ಮ? ಮುಂಜಾನೆ ಎದ್ದು ಕಡ್ಡಿಪುಡಿಲಿ ಹಲ್ಲು ತಿಕ್ತೀನಿ. ಹಲ್ಲು ತಿಕ್ಕೋದು ಚಟ ಹೆಂಗಾಗ್ತೈತೆ?”

ಕಡ್ಡಿಪುಡಿ ಎಂದರೆ ತಂಬಾಕೇ. ಈ ಹೆಂಗಸರಿಗೆ ಮಾತ್ರ ಅದು ಹಲ್ಲುಪುಡಿ. ಹಲ್ಲು ಯಾವುದರಲ್ಲಿ ಉಜ್ಜುತ್ತೀರಿ ಎಂದು ನಯನಾ ಯಾರನ್ನೂ ಕೇಳಿರಲಿಲ್ಲ. ಕೇಳದ್ದನ್ನು ಯಂತ್ರ ಎಲ್ಲಿಂದ ಕಲಿಯಬೇಕು? ನಿಟ್ಟುವಳ್ಳಿಯ ಬಚ್ಚಲ ಗೂಡಿನಲ್ಲಿ ಅದೇ ಪುಡಿಯ ಡಬ್ಬಿ ಅವಳು ಹುಟ್ಟುವ ಮೊದಲಿಂದಲೂ ಇತ್ತು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸುಗಳು ಒಂದರ ಹಿಂದೊಂದು ಹೊರಟುಹೋದವು, ಅವಳು ಹತ್ತಲಿಲ್ಲ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಸೂಜಿ ಚುಚ್ಚಿದ ದವಡೆಯಂತೆ ಒಳಗೆಲ್ಲ ಜೋಮು ಹಿಡಿದಿತ್ತು. ಕಂಡಕ್ಟರೊಬ್ಬ ಎಲ್ಲಿಗೆ ಹೋಗಬೇಕು ಎಂದು ಎರಡು ಸಲ ಕೇಳಿದ ಮೇಲೆ ಹತ್ತಿ ಕೂತಳು.

ಮನೆಯಲ್ಲಿ ಚೀಲ ಇಳಿಸದೆಯೇ ಅವ್ವನನ್ನು ಬೆಳಕಿಗೆ ಕೂರಿಸಿದಳು. ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ. ಒಳಗೆ ತಾಗಿದ್ದು ಗಟ್ಟಿಯಾಗಿತ್ತು, ದವಡೆಯ ಕೆಳಗೆ ಗಂಟೂ ಸಿಕ್ಕಿತು. ಇದು ಏನೆಂದು ಅವಳಿಗೆ ಯಾವ ಯಂತ್ರವೂ ಹೇಳಬೇಕಿರಲಿಲ್ಲ. ಇಷ್ಟು ನೋವಿದ್ದರೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

ನಿರ್ಮಲಮ್ಮ ಸೆರಗಿನಿಂದ ತುಟಿ ಒರೆಸಿಕೊಂಡರು.

“ಏನೂ ಇಲ್ಲ ಅಂತ ನಿನ್ ಕಂಪ್ಯೂಟರ್ ಹೇಳಿತ್ತಲ್ಲ. ನಾನು ನೋವು ಐತೆ ಅಂದ್ರೆ ನಿನ್ ಓದೇ ತಪ್ಪು ಅಂದಂಗಾಗ್ತೈತೆ ಅಂತ ಸುಮ್ನಿದ್ದೆ.”