ಬಸ್ಸಿನ ಮೂತಿಗೆ ಹಳದಿ ಪ್ರೈಮರ್

ಬಣ್ಣ ಹಚ್ಚುವುದರಲ್ಲಿ ದಾವಣಗೆರೆಗೆಲ್ಲ ನಾನೇ ಎಂದು ಮೆರೆಯುತ್ತಿದ್ದ ಕಾಲ, ಅರವತ್ತೆರಡನೇ ಇಸವಿ. ಬಸ್ ಮಾಲೀಕ ಶಿವಯೋಗಪ್ಪನವರು ಹರಿಹರ ಲೈನಿಗೆಂದು ನಮ್ಮ ಶೆಡ್ಡಿನಲ್ಲಿ ಹೊಸ ಬಸ್ಸು ಕಟ್ಟಿಸುತ್ತಿದ್ದರು. ಮೈಯೆಲ್ಲ ಅಲ್ಯೂಮಿನಿಯಂ! ಅಲ್ಲಿಯವರೆಗೆ ಕಬ್ಬಿಣದ ತಗಡನ್ನಷ್ಟೇ ಕಂಡಿದ್ದ ನನಗೆ ಆ ಹೊಳಪು ನೋಡಿ ಕೈ ತುರಿಸತೊಡಗಿತು.

ಬಣ್ಣಕ್ಕೆ ಮೊದಲು ಅವರ ತಾಯಿ ಸರ್ವಮಂಗಳಮ್ಮನವರು ಬಂದು ಬಸ್ಸಿನ ಮೂತಿಗೆ ಮೂರು ಪಟ್ಟೆ ವಿಭೂತಿ ಬಳಿದು ಪೂಜೆ ಮಾಡಿದರು. ಒರೆಸುವ ಧೈರ್ಯ ಯಾರಿಗಿದೆ? ಅದರ ಮೇಲೆಯೇ, ಬಣ್ಣ ಹಿಡಿಯಲೆಂದು ಕಬ್ಬಿಣಕ್ಕೆ ಮೊದಲು ಹಚ್ಚುವ ಕೆಂಪು ಪ್ರೈಮರ್ ಎಳೆದುಬಿಟ್ಟೆ.

ಎರಡು ದಿನ ಒಣಗಿಸಿ, ಗಟ್ಟಿಯಾಗಿ ಹಿಡಿದಿದೆಯೇ ಎಂದು ಚಾಕುವಿನಿಂದ ಗೀರಿದರೆ, ಹುರಿದ ಶೇಂಗಾದ ಸಿಪ್ಪೆಯಂತೆ ಇಡೀ ಮೈ ಸುಲಿದು ಬಂತು. ಶಿವಯೋಗಪ್ಪನವರು ಕೆಂಡವಾದರು.

"ಸೂರಪ್ಪ, ಇನ್ನೊಂದ್ಸಲ ಹಿಂಗಾದ್ರೆ ಬಸ್ಸು ಹುಬ್ಬಳ್ಳಿ ಶೆಡ್ಡಿಗೆ ಹೋಗತೈತೆ. ನೀನು ಬ್ರಶ್ ಮುಟ್ಟೋದೇ ಬ್ಯಾಡ."

ಬೇರೆ ಯಾವ ಬೈಗುಳವಾದರೂ ನುಂಗುತ್ತಿದ್ದೆ. ಬ್ರಶ್ ಬಿಟ್ಟರೆ ನಾನು ಯಾರು? ಸಿಕ್ಕ ರೈಲು ಹತ್ತಿ ಹರಿಹರಕ್ಕೆ ಹೋದೆ. ಅಲ್ಲಿನ ಕಾರ್ಖಾನೆಯ ಪೇಂಟರ್ ಹಯಾತ್ ಸಾಬ್ ನನ್ನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಕಬ್ಬಿಣದ ದವಾ ಇದಕ್ಕೆ ಹತ್ತಲ್ಲ ಭಾಯಿ! ಹಳದಿ ಪ್ರೈಮರ್ ಬೇಕು, ಜಿಂಕ್ ಕ್ರೋಮೇಟ್. ತಗಡು ಉಜ್ಜು, ಪೆಟ್ರೋಲಿನಾಗೆ ಒರೆಸು. ಒಂದು ಬೆರಳಿನ ಗುರುತೂ ಇರಬಾರ್ದು. ಆಮ್ಯಾಲೆ ತೆಳ್ಳಗೆ ಹಚ್ಚು."

ಅವನು ಕೊಟ್ಟ ಪ್ರೈಮರ್ ಡಬ್ಬಿ ಎದೆಗವುಚಿಕೊಂಡು ಕುಣಿಯುತ್ತ ಬಂದೆ. ತಗಡು ಉಜ್ಜುವ ಯಲ್ಲಕ್ಕನ ಜೊತೆ ನಾನೂ ಕೂತು, ಇಡೀ ಬಸ್ಸನ್ನು ಉಜ್ಜಿ ಒರೆಸಿ ಕನ್ನಡಿ ಮಾಡಿದೆ. ಅಷ್ಟರಲ್ಲಿ ಸರ್ವಮಂಗಳಮ್ಮನವರು ಮತ್ತೆ ಬಂದರು.

"ಮೊನ್ನೆ ವಿಭೂತಿ ಕಮ್ಮಿ ಆಗಿತ್ತು ಅನ್ಸತೈತೆ," ಎಂದು ಈ ಸಲ ಗಟ್ಟಿಯಾಗಿಯೇ ಬಳಿದರು. ನಾನು ಮತ್ತೆ ಅದರ ಮೇಲೆಯೇ ಹಳದಿ ಎಳೆದೆ.

ಹಳದಿ ಒಣಗಿದ ದಿನ ಪಕ್ಕದ ತಗಡಿನ ಮೇಲೆ ಚಾಕು ಎಳೆದೆ. ಏಳಲಿಲ್ಲ! ಹಿಂಬದಿ ಎಳೆದೆ. ಏಳಲಿಲ್ಲ! ಖುಷಿಗೆ ಕೇಕೆ ಹಾಕಿದೆ. ಮೂತಿಗೆ ಬಂದು ಗೀರಿದರೆ, ಮೂರು ಪಟ್ಟೆ ಹಳದಿ ಸಲೀಸಾಗಿ ಎದ್ದು ಬಂತು.

"ಅಣ್ಣ, ಬಣ್ಣದ ತಪ್ಪಲ್ಲ. ಅಡಿಯಾಗೆ ವಿಭೂತಿ ಐತೆ," ಎಂದಳು ಯಲ್ಲಕ್ಕ.

"ನನಗೆ ಗೊತ್ತಿಲ್ವಾ? ಬಾಯಿ ಮುಚ್ಚು!" ಎಂದು ಹರಿಹಾಯ್ದೆ. ಗೊತ್ತಿದ್ದುದರಿಂದಲೇ ಅಷ್ಟು ಸಿಟ್ಟು.

ಆ ಹೊತ್ತಿಗೇ ತಾಯಿ ಮಗ ಇಬ್ಬರೂ ಒಳಗೆ ಬಂದರು. ಶಿವಯೋಗಪ್ಪನವರ ಕಣ್ಣು ನೇರ ಮೂತಿಯ ಮೇಲೆಯೇ ಬಿತ್ತು. ಇನ್ನು ಸುಮ್ಮನಿದ್ದರೆ ಬ್ರಶ್ ಹೋದಂತೆಯೇ. ಕಣ್ಣು ಮುಚ್ಚಿ ಹೇಳಿಬಿಟ್ಟೆ:

"ಅಮ್ಮಾರೆ, ವಿಭೂತಿ ಒರೆಸ್ಬೇಕ್ರಿ. ಅದರ ಮ್ಯಾಲೆ ಯಾವ ಪ್ರೈಮರೂ ಕೂಡಲ್ಲ."

ಸರ್ವಮಂಗಳಮ್ಮನವರು ಪಟ್ಟೆಗಳನ್ನು ನೋಡಿದರು, ನನ್ನನ್ನು ನೋಡಿದರು.

"ಅಲ್ಲೋ ಸೂರಪ್ಪ, ಜಳಕ ಆಗದೆ ಯಾರಾದ್ರೂ ವಿಭೂತಿ ಹಚ್ಕಂತಾರೇನು? ಬಣ್ಣ ಅಂದ್ರೆ ಬಸ್ಸಿಗೆ ಜಳಕ, ಅದಿನ್ನೂ ಆಗಿಲ್ಲ ಅಂತ ಹೇಳೋಕೆ ನಿನಗೇನಾಗಿತ್ತು?"

ಯಲ್ಲಕ್ಕನ ಕೈಯಿಂದ ಬಟ್ಟೆ ಕಿತ್ತುಕೊಂಡು ತಾವೇ ಒರೆಸಿದರು. ನಾನು ಅಂದೇ ಹಳದಿ ಎಳೆದೆ. ಎರಡು ದಿನ ಬಿಟ್ಟು ಶಿವಯೋಗಪ್ಪನವರೇ ಚಾಕು ಹಿಡಿದು ಮೂತಿಯನ್ನು ಅಡ್ಡಕ್ಕೆ, ಉದ್ದಕ್ಕೆ ಗೀರಿದರು. ಒಂದು ಚೂರೂ ಏಳಲಿಲ್ಲ.

"ಎರಡನೇ ಬಸ್ಸು ಯಾವತ್ತು ತರ್ಲಿ?" ಎಂದು ಕೇಳಿದರು.

ಸಂತೋಷಕ್ಕೆ ನಾನು ಬ್ರಶ್ ಎತ್ತಿ ಕುಣಿದೆ. ಯಲ್ಲಕ್ಕನೇ ಉತ್ತರ ಕೊಟ್ಟಳು:

"ನಾಳೆನೇ ತರ್ರಿ. ಆದ್ರೆ ಜಳಕ ಆಗೋತನಕ ಅಮ್ಮಾರು ಮನ್ಯಾಗಿರ್ಲಿ."

ಎಲ್ಲರಿಗಿಂತ ಜೋರಾಗಿ ನಕ್ಕವರು ಸರ್ವಮಂಗಳಮ್ಮನವರೇ.