ಅಲುಗದ ದನಿ

ಅಮೆರಿಕದ ಡುಲೂತ್ ಊರಿನ ತುರ್ತು ಕರೆ ಕೇಂದ್ರದಲ್ಲಿ ಲೋರ್ನಾ ಹತ್ತೊಂಬತ್ತು ವರ್ಷ ಫೋನು ಎತ್ತಿದವಳು. ಮನೆ ಉರಿಯಲಿ, ಮಗು ನೀರಿಗೆ ಬೀಳಲಿ, ಅವಳ ದನಿ ಮಾತ್ರ ಕೆನೆಗಟ್ಟಿದ ಹಾಲಿನಂತೆ, ಒಂದಿಷ್ಟೂ ಅಲುಗದು. ಅಲ್ಲೊಂದು ಕಟ್ಟುನಿಟ್ಟಿನ ನಿಯಮ ಬೇರೆ: 'ಎಲ್ಲ ಸರಿಹೋಗುತ್ತೆ' ಎಂದು ಯಾರಿಗೂ ಮಾತು ಕೊಡಕೂಡದು. 'ಸಹಾಯ ಬರ್ತಾ ಇದೆ' ಎನ್ನಬೇಕು, ಅಷ್ಟೆ.

ಬೆಳಗಾದರೆ ಗಂಡ ವರ್ನ್‌ಗೆ ಎದೆಯ ಆಪರೇಷನ್. ಹಿಂದಿನ ದಿನ ಮಧ್ಯಾಹ್ನ ಆಲೂಗಡ್ಡೆ ಸುಲಿಯುತ್ತ ಕೂತವನು ಕೇಳಿದ, "ಒಂದ್ಸಲ ಹೇಳೇ, ಎಲ್ಲ ಸರಿಹೋಗುತ್ತೆ ಅಂತ. ಸುಳ್ಳಾದ್ರೂ ಪರವಾಗಿಲ್ಲ."

ಲೋರ್ನಾ ಬಾಯಿ ತೆರೆದಳು. "ಸಹಾಯ ಬರ್ತಾ ಇದೆ ಸರ್. ನೀವೆಲ್ಲಿದ್ದೀರಿ ಹೇಳಿ."

"ಅಡುಗೆಮನೇಲಿ ಕಣಮ್ಮಾ, ನಿನ್ನ ಮೂಗಿನ ಕೆಳಗೆ!" ವರ್ನ್ ನಕ್ಕ.

ಅವಳು ನಗಲಿಲ್ಲ. ತನ್ನ ಬಾಯಿಂದ ಬಂದ ಆ ಮಾತು ಅವಳು ಆಡಹೊರಟದ್ದಲ್ಲ, ತಾನಾಗಿ ಬಂದದ್ದು. ಮತ್ತೆ ಪ್ರಯತ್ನಿಸಿದಳು. "ಪಕ್ಕದಲ್ಲಿ ಯಾರಾದ್ರೂ ಇದ್ದಾರಾ ಸರ್?"

ಚಾಕು ನಿಂತಿತು. "ಇದ್ದಾಳೆ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ.

ಮಣಿಕಟ್ಟಿನ ಗಡಿಯಾರ ಅವಳ ನಾಡಿ ತೋರಿಸುತ್ತಿತ್ತು: ಐವತ್ತೆರಡು. ಗಾಢ ನಿದ್ದೆಯಲ್ಲಿರುವವರ ನಾಡಿ. ಉಸಿರಾಟ ಕಲಿಸುವ ಕೊರೀನ್ ಹೋದ ವಾರವೇ ಅಂದಿದ್ದಳು, "ಇದು ಸಮಾಧಾನ ಅಲ್ಲಕ್ಕಾ. ನಿನ್ನ ನರಗಳು ಬ್ರೇಕ್ ತುಳಿದು ಕೂತಿವೆ. ಬಿಟ್ರೆ ಮೊದಲು ನಡುಕ ಬರುತ್ತೆ. ಬರಲಿ ಬಿಡು. ಆದ್ರೆ ಒಬ್ಳೇ ಮಾಡ್ಬೇಡ."

ಲೋರ್ನಾ ಕುರ್ಚಿ ತಿರುಗಿಸಿ ಗಂಡನ ಬೆನ್ನಿಗೆ ಬೆನ್ನು ಆನಿಸಿದಳು. ಕೊರೀನ್ ಹೇಳಿಕೊಟ್ಟಂತೆ, ತುಟಿ ಮುಚ್ಚಿ ಉಸಿರು ಬಿಡುತ್ತ ಉದ್ದಕ್ಕೆ 'ಹೂಂ' ಎಂದು ಗುನುಗಿದಳು. ವರ್ನ್ ಕೂಡ ದನಿಗೂಡಿಸಿದ. ಅವನ ಬೆನ್ನಿನ ಗುಂಯ್‌ಗುಟ್ಟುವಿಕೆ ಅವಳ ಪಕ್ಕೆಲುಬಿಗೆ ಇಳಿಯಿತು.

ಇಬ್ಬರೂ ಉಸಿರೆಳೆದುಕೊಳ್ಳಲು ನಿಂತರು. ಆ 'ಹೂಂ' ನಿಲ್ಲಲಿಲ್ಲ.

"ನೀನಾ?" ಎಂದ ವರ್ನ್.

"ನಾನಲ್ಲ."

ಎಲ್ಲಿಂದಲೋ ಅವಳ ಫೋನಿನ ದನಿಯೇ, ಅಲುಗದೆ, ಸಮನಾಗಿ, ಉಸಿರೇ ಬೇಡವೆನ್ನುವಂತೆ. ಲೋರ್ನಾಳ ಮೊಣಕಾಲು ನಡುಗಿತು, ಆಮೇಲೆ ದವಡೆ, ಆಮೇಲೆ ಕುರ್ಚಿಯೇ. ನಾಡಿ ನೂರಹದಿನೆಂಟು. ಹತ್ತೊಂಬತ್ತು ವರ್ಷದ ಹೆದರಿಕೆಯೆಲ್ಲ ಒಟ್ಟಿಗೇ ಗಂಟಲಿಗೆ ಬಂತು.

"ವರ್ನ್, ನಂಗೆ ಹೆದರಿಕೆ ಆಗ್ತಿದೆ ಕಣೋ." ಒಡೆದ ದನಿ, ಕಾಗೆಯ ಕೂಗಿನಂತೆ. ಅವಳದೇ. "ಸರಿಹೋಗುತ್ತೆ. ಎಲ್ಲ ಸರಿಹೋಗುತ್ತೆ."

ವರ್ನ್ ಹಿಂದಕ್ಕೆ ಕೈ ಚಾಚಿ ಅವಳ ಬೆರಳು ಹಿಡಿದ.

ಆ 'ಹೂಂ' ನಿಂತಿತು. ಆ ನಿಶ್ಶಬ್ದದಲ್ಲಿ ಮೂರನೆಯವರೊಬ್ಬರು, ಹತ್ತೊಂಬತ್ತು ವರ್ಷದ ಮೇಲೆ ಎಂಬಂತೆ, ಉಸಿರೆಳೆದುಕೊಂಡದ್ದು ಇಬ್ಬರಿಗೂ ಕೇಳಿಸಿತು.